ಫ್ರಿಜ್ಜಿನ ಪೈಪು, ಕಾರಿನ ಬ್ರೇಕು

ಮಾರ್ಚ್ ೧೪, ರಾತ್ರಿ. ಸಾಂತಿಯಾಗೊ, ಕ್ಯೂಬಾ.

ಸಕಲ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ಅಜ್ಜನ ಕಾಲದ ನಮ್ಮ ಷೆವರ್ಲೆಯ ಬ್ರೇಕ್ ಪೆಡಲ್ ಇಂದು ನೆಲ ಮುಟ್ಟದೆ ಅರ್ಧದಲ್ಲೇ ನಿಂತಿತು! ಹಳೆಯ ಬ್ರೇಕ್ ಪೈಪ್ ಒಡೆದು ಪೆಡಲ್ ನೆಲಕ್ಕೇ ಹೋಗುತ್ತಿತ್ತು; ಊರೆಲ್ಲ ಅಲೆದರೂ ಹೊಸದು ಸಿಗದೆ, ಪಕ್ಕದ ಮನೆಯ ಎಲಿಯಾದೆಸನ ಕೆಟ್ಟ ಫ್ರಿಜ್ಜಿನ ತಾಮ್ರದ ಪೈಪನ್ನೇ ಬಗ್ಗಿಸಿ ಕೂರಿಸಿದೆ.

“ಲೋ, ಬ್ರೇಕ್ ಒತ್ತಿದ್ರೆ ಕಾರು ನಿಲ್ಲುತ್ತೋ, ಐಸ್ ಬೀಳುತ್ತೋ?” ಅಂದ ಅವನು.

“ಎರಡೂ ಆಗುತ್ತೆ ಕಣೋ” ಅಂದೆ.

ಆಗ ನಕ್ಕಿದ್ದೇ ಕೊನೆ. ನಾಳೆ ಮಗಳು ಯುಸಿಮಿಗೆ ಹದಿನೈದು ತುಂಬುತ್ತದೆ; ನಮ್ಮಲ್ಲಿ ಹೆಣ್ಣುಮಕ್ಕಳ ಹದಿನೈದೆಂದರೆ ಮದುವೆಯಷ್ಟೇ ದೊಡ್ಡ ಹಬ್ಬ. ಗೌನು ತೊಟ್ಟು ಇದೇ ಕಾರಿನಲ್ಲಿ, ಇದೇ ಇಳಿಜಾರು ಬೀದಿಯಲ್ಲಿ ಅವಳ ಮೆರವಣಿಗೆ. ತಾಮ್ರವೋ ಮೆತ್ತಗಿನ ಲೋಹ. ಎದ್ದೆದ್ದು ಹೋಗಿ ಪೆಡಲ್ ಒತ್ತಿ ಬರುತ್ತಿದ್ದೇನೆ. ಗಟ್ಟಿಯಾಗಿಯೇ ಇದೆ. ಆದರೂ...

ಮಿಗ್ದಾಲಿಯಾ, ಹೆಂಡತಿಯೇ, ಈ ದಿನಚರಿಯನ್ನು ನೀನು ಕದ್ದು ಓದುತ್ತೀಯೆಂದು ಗೊತ್ತು. ಬೆಳಿಗ್ಗೆ ಕಾಫಿಗಿಡುವ ಮುಂಚೆ, ಕಾರಿನ ಕೆಳಗೆ ಹಾಸಿರುವ ರಟ್ಟನ್ನೊಮ್ಮೆ ನೋಡು. ಒಂದು ಹನಿ ಬ್ರೇಕ್ ಆಯಿಲ್ ಕಂಡರೂ ಕೀ ಬಚ್ಚಿಡು. ನಾನು ಬೇಡಿದರೂ ಕೊಡಬೇಡ.