‘ಬೇ’ ಅಂದದ್ದಕ್ಕೆ ಮೂರು ಅಂಕ

ಮಂಗಳವಾರ, ಜುಲೈ 14. ಅಫಜಲಪುರ.

ಹತ್ತಕ್ಕೆ ಮೂರು! ಹನ್ನೊಂದು ವರ್ಷ ನರ್ಸ್ ಕೆಲಸ ಮಾಡಿದ ನನಗೆ ‘ಭಾವನಾತ್ಮಕ ಬುದ್ಧಿವಂತಿಕೆ’ಯಲ್ಲಿ ಮೂರೇ ಅಂಕ. ಇನ್ನು ನಾನು ಹೆಡ್ ನರ್ಸ್ ಆದ ಹಾಗೇ.

ಯಶಸ್ಸಿಗೆ ಬೇಕಾದ ಗುಣ ಕಲಿಸಲು ಬಂದಿದ್ದ ತರಬೇತಿಯ ಸಾಹೇಬನಿಗೆ ಕಂಡ ತಪ್ಪು ಒಂದೇ. ಕರಜಗಿಯ ಮುದುಕಿ ಗುರುಬಾಯಿ ನಾಳೆಯ ಆಪರೇಷನ್ನಿಗೆ ಹೆದರಿ ಅಳುತ್ತಿದ್ದಳು. ಕೈ ಹಿಡಿದುಕೊಂಡು, “ಅಳಬ್ಯಾಡ ಬೇ ಯವ್ವಾ, ನಾ ಇಲ್ಲೇ ಅದೀನಿ” ಅಂದೆ. ‘ಬೇ’ ಅನ್ನುವುದು ಅಗೌರವವಂತೆ! ಹೆತ್ತ ತಾಯಿಯನ್ನೂ ನಾನು ಹಾಗೇ ಕರೆಯುತ್ತೇನೆ. ಅದನ್ನೂ ಫಾರ್ಮಿನಲ್ಲಿ ಬರೆದುಕೊಳ್ಳಲಿ.

ಹೇಗೆ ಮಾತಾಡಬೇಕೆಂದು ತೋರಿಸಲು ತಾನೇ ಮಂಚದ ಪಕ್ಕ ನಿಂತ. ಕೈಕಟ್ಟಿ, ತಲೆ ಬಾಗಿಸಿ, ಮೆಲುದನಿಯಲ್ಲಿ, “ಅಮ್ಮಾ, ತಮ್ಮ ಭಾವನೆಗಳು ನಮಗೆ ಅರ್ಥವಾಗುತ್ತವೆ. ನಾವು ಸದಾ ತಮ್ಮೊಂದಿಗಿದ್ದೇವೆ” ಅಂದ.

ಗುರುಬಾಯಿಯ ಅಳು ಗಕ್ಕನೆ ನಿಂತಿತು. ನೋಡಿದೆಯಾ ಅನ್ನುವ ಹಾಗೆ ಸಾಹೇಬ ನನ್ನ ಕಡೆ ತಿರುಗಿ ನಕ್ಕು, ಮುಂದಿನ ವಾರ್ಡಿಗೆ ಹೋದ.

ಮುದುಕಿ ನನ್ನ ಕೈ ಜಗ್ಗಿ ಹತ್ತಿರ ಎಳೆದುಕೊಂಡಳು. ಅವಳ ಬೆರಳು ತಣ್ಣಗಾಗಿದ್ದವು.

“ಖರೇ ಹೇಳ ಬೇ. ನಾ ಉಳ್ಯಾಂಗಿಲ್ಲಂತೇನು?”