ಲಿಂಬೆಹಣ್ಣು ದಾಟಿ ಹೋದ ಕಾರು

ಮೊರಬ

ಹೊಳಬಸಪ್ಪ ಕಾಕಾ ಅವರಿಗೆ, ನಿಮ್ಮ ಬಾಡಿಗೆ ಕಾರು ಹೊಡೆಯುವ ಯಲ್ಲೇಶನ ಹೆಂಡತಿ ಮಲ್ಲಮ್ಮ ಮಾಡುವ ಶರಣು.

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟಾಕಿ, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಫೋನು ನಮ್ಮ ಮನೆಯವರ ಹತ್ತಿರ ಇರುತ್ತದೆ, ಅದಕ್ಕೆ ಹಾಲಿನ ಗಾಡಿಯವರ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ.

ನಿನ್ನೆ ಅಮಾವಾಸ್ಯೆ ಪೂಜೆ ಮಾಡಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಿದ್ದೆವು. ಹಣ್ಣು ಒಡೆದ ಕೂಡಲೇ ಕಾರು ನಿಲ್ಲಬೇಕಿತ್ತು. ಇವರು ಬ್ರೇಕ್ ಒತ್ತಿದರೂ ನಿಲ್ಲದೆ ಮುಂದೆ ಹೋಗಿ ಕಟ್ಟೆಗೆ ಬಡಿಯಿತು. "ದೃಷ್ಟಿ ಆಗೇತಿ, ಕುಂಬಳಕಾಯಿ ಒಡೀರಿ" ಅಂದರು ಎಲ್ಲರೂ. ಒಡೆದೆವು. ನನಗೇನೂ ಸಮಾಧಾನ ಆಗಲಿಲ್ಲ. ಬ್ರೇಕ್ ಒತ್ತಿದಾಗ ಕಬ್ಬಿಣ ಕೆರೆದಂಥ ಸಪ್ಪಳ ಬಹಳ ದಿನದಿಂದ ಇದೆ. ಈಗ ಗಾಲಿಯ ಹತ್ತಿರ ಸುಟ್ಟ ವಾಸನೆಯೂ ಬರುತ್ತದೆ.

ಕೇಳಿದರೆ ಇವರು, "ಎರಡು ಸಲ ತುಳಿದ್ರ ನಿಲ್ತೈತಿ ಬೇ" ಅಂದರು.

"ಕಾಕಾಗ ಹೇಳ್ರಿ" ಅಂದೆ.

"ನೀನ ಕೆಡಿಸೀದಿ ಅಂತ ಅವ್ರು ನನ್ನ ಕೆಲಸ ಬಿಡಿಸಿದ್ರ, ನೀ ಕೊಡ್ತಿ ಏನ್ ಕೆಲಸ?"

ನಾಳೆ ಮುಂಜಾನೆ ಬಾಜು ಮನೆಯ ಮಾಬುಸಾಬರ ಮಗಳು ಖುಷ್ಬೂಳನ್ನು ಹಸಿಗೂಸಿನ ಸಮೇತ ಹುಬ್ಬಳ್ಳಿ ದವಾಖಾನೆಯಿಂದ ಇದೇ ಕಾರಿನಲ್ಲಿ ಕರೆತರಬೇಕು. ಅವರಿಗೆ ಹೇಳೋಣವೆಂದರೆ ಇವರ ಮಾನ ಹೋಗುತ್ತದೆ.

ಕಾಕಾ, ಇವತ್ತೇ ಗಾಡಿ ರಿಪೇರಿಯ ಮೇಸ್ತ್ರಿಯನ್ನು ಕಳಿಸಿರಿ. ಇವರು ಕೆಡಿಸಿಲ್ಲ, ಬ್ರೇಕೇ ಸವೆದಿದೆ. ಇವರನ್ನು ಬೈಯಬೇಡಿರಿ. ಕಾರಿನ ಚಾವಿಯನ್ನು ನಾನು ಜೋಳದ ಚೀಲದಲ್ಲಿ ಮುಚ್ಚಿಟ್ಟಿದ್ದೇನೆ. ಇವರು ಅಂಗಳದಲ್ಲಿ ಹುಡುಕುತ್ತಿದ್ದಾರೆ. ಮೇಸ್ತ್ರಿ ಬಂದು ಬ್ರೇಕ್ ನೋಡುವ ತನಕ, ಇವರು ಏನೇ ಅನ್ನಲಿ, ಕೊಡುವುದಿಲ್ಲ.

ನಿಮ್ಮ ಮಗಳ ಸಮಾನಳು,
ಮಲ್ಲಮ್ಮ