ಸಂತ ಸೆರೋತಿನಾಳ ಅಂಗಿಯ ಅಂಚು

ಪಿಯೆತ್ರಾಮಾರಾ
೧೬ ಸೆಪ್ಟೆಂಬರ್ ೧೯೫೮

ಪ್ರೀತಿಯ ಎಜಿದಿಯೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನೀನು ಅಣೆಕಟ್ಟು ಕಟ್ಟುತ್ತಿರುವ ಆ ಸ್ವಿಸ್ ಬೆಟ್ಟದಲ್ಲಿ ಈಗಲೇ ಹಿಮ ಬಿತ್ತೆಂದು ಬರೆದಿದ್ದೆ. ನಾನು ಹೆಣೆದುಕೊಟ್ಟ ಉಣ್ಣೆಯ ಬನಿಯನ್ನನ್ನು ಚೀಲದ ತಳದಲ್ಲಿಟ್ಟುಕೊಂಡು ಚಳಿ ಚಳಿ ಎನ್ನಬೇಡ, ತೆಗೆದು ಹಾಕಿಕೊ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಟೊಮೆಟೊ ಕುದಿಸಿ ಬಾಟಲಿಗಳಿಗೆ ತುಂಬಿದ್ದಾಯಿತು, ಮನೆಯೆಲ್ಲ ಇನ್ನೂ ತುಳಸಿಯ ಹಾಗೆ ಘಮ್ಮೆನ್ನುತ್ತಿದೆ. ನಿನ್ನ ಮಗಳು ಲಿಲ್ಲಾಳ ಮುಂದಿನ ಹಲ್ಲು ಬಿದ್ದಿದೆ, ನಿನ್ನ ಹೆಸರು ಹೇಳಲು ಹೋದರೆ ಬರೀ ಗಾಳಿ ಬರುತ್ತದೆ. ನಿನ್ನಮ್ಮನ ಮಂಡಿನೋವು ಹಾಗೆಯೇ ಇದೆ; ನಾಲಗೆಯೂ ಹಾಗೆಯೇ ಇದೆ. ಈ ಕಾಗದವನ್ನು ಮಾತ್ರ ಒಬ್ಬನೇ ಕೂತು ಓದು. ನಿಮ್ಮ ಶೆಡ್ಡಿನಲ್ಲಿ ನಮ್ಮೂರಿನ ನಿಕೊದೇಮೊ ಇದ್ದಾನೆ, ಅವನ ಬಾಯಿಗೆ ಬಾಗಿಲಿಲ್ಲ.

ಈ ಸಲ ಹಬ್ಬಕ್ಕೆ ಮೊದಲು ಸಂತ ಸೆರೋತಿನಾಗೆ ಬಟ್ಟೆ ತೊಡಿಸಲು ನನ್ನನ್ನೂ ಕರೆದರು. ಮುದುಕಿ ಬ್ರಿಜಿದಾ ತೀರಿಕೊಂಡಮೇಲೆ ನಿನ್ನಮ್ಮನಿಗೂ ರೊಟ್ಟಿ ಅಂಗಡಿಯ ತೊಮ್ಮಸೀನಾಗೂ ಇನ್ನೊಬ್ಬರ ಕೈ ಬೇಕಾಗಿತ್ತು. ನೀನು ಹುಟ್ಟಿದಾಗಿನಿಂದ ಅವಳನ್ನು ನೋಡುತ್ತಿದ್ದೀಯ, ಆದರೆ ಕಟಕಟೆಯ ಆಚೆಯಿಂದ, ಚರ್ಚಿನ ಗಾಜಿನ ಪೆಟ್ಟಿಗೆಯೊಳಗೆ, ಗಲ್ಲದವರೆಗೂ ರೇಷ್ಮೆ ಹೊದ್ದು ಮಲಗಿದ್ದವಳನ್ನು. ಬಟ್ಟೆ ತೊಡಿಸುವಾಗ ಗಂಡಸರು ಯಾರೂ ಇರಕೂಡದೆಂಬ ಕಟ್ಟಳೆ ಯಾಕೆಂದು ನಾನೂ ಯೋಚಿಸಿರಲಿಲ್ಲ. ಮರ್ಯಾದೆಗೆ ಇರಬೇಕು ಅಂದುಕೊಂಡಿದ್ದೆ.

ದಾರಿಯುದ್ದಕ್ಕೂ ಅತ್ತೆ ಅವಳ ಕಥೆಯನ್ನೇ ಹೇಳಿದರು. ನಿನಗೆ ಗೊತ್ತಲ್ಲ, ಅವರು ಹೇಳಿದರೆ ಹುತಾತ್ಮಳ ಕಥೆಯೂ ಪಕ್ಕದ ಬೀದಿಯ ಹುಡುಗಿಯ ಸುದ್ದಿಯ ಹಾಗಿರುತ್ತದೆ. ರೋಮಿನ ಅಧಿಕಾರಿಯ ಮಗ ಮದುವೆಯಾಗು ಅಂದಾಗ ಹದಿಮೂರರ ಸೆರೋತಿನಾ, "ಮೊದಲು ಕಿವಿ ತೊಳಕೊಂಡು ಬಾ" ಅಂದಳಂತೆ. ಸಿಂಹಕ್ಕೆ ಎಸೆದರು. ಅದು ಅವಳ ತೊಡೆಯಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು; ಕಾಲು ಜೋಮು ಹಿಡಿಯಿತೆಂದು ಅವಳೇ ಅದಕ್ಕೆ ಗದರಿದಳು. ಕುದಿಯುವ ಎಣ್ಣೆಗೆ ಇಳಿಸಿದರು. "ಇದ್ರಲ್ಲಿ ಬದನೆಕಾಯೂ ಬೇಯಲ್ಲ, ಇನ್ನಷ್ಟು ಸೌದೆ ಹಾಕ್ರೋ" ಅಂದಳು. ಕಲ್ಲು ಕಟ್ಟಿ ನದಿಗೆ ನೂಕಿದರೆ ಕಲ್ಲೇ ತೇಲಿತು. ಅಷ್ಟು ಹೊತ್ತಿಗೆ ಅಧಿಕಾರಿ ಅವಳಿಗಿಂತ ಹೆಚ್ಚು ಸುಸ್ತಾಗಿದ್ದನಂತೆ. ಕೊನೆಗೆ ಕತ್ತಿ ತರಿಸಿದರು. ಇಲ್ಲಿಗೆ ಬಂದಾಗ ಮಾತ್ರ ಅತ್ತೆ ನಗುವುದಿಲ್ಲ, ಗಮನಿಸಿದ್ದೀಯಾ? ರೋಮಿನ ನೆಲದಡಿಯ ಸಮಾಧಿಗಳಲ್ಲಿ ಸಿಕ್ಕ ಮೂಳೆಗಳನ್ನು ಮೇಣದ ಗೊಂಬೆಯೊಳಗಿಟ್ಟು, ಅತ್ತೆಯ ಅಜ್ಜಿಯ ಕಾಲದಲ್ಲಿ ಹೇಸರಗತ್ತೆಯ ಮೇಲೆ ನಮ್ಮೂರಿಗೆ ತಂದರಂತೆ.

ಮಟಮಟ ಮಧ್ಯಾಹ್ನ, ಊರೆಲ್ಲ ಕಿಟಕಿ ಮುಚ್ಚಿ ಮಲಗಿತ್ತು. ಚರ್ಚಿನ ಬಾಗಿಲು ಹಾಕಿ, ಪರದೆ ಎಳೆದು, ಪೆಟ್ಟಿಗೆ ತೆರೆದೆವು. ಮೇಣದ ವಾಸನೆ ಬರುತ್ತದೆಂದುಕೊಂಡಿದ್ದೆ. ಬಂದದ್ದು ನಿದ್ದೆಯಿಂದ ಎದ್ದ ಮಗುವಿನ ಕತ್ತಿನ ವಾಸನೆ. ತೊಮ್ಮಸೀನಾ ಬಿಳಿ ನಿಲುವಂಗಿಯನ್ನು ನನ್ನ ತೊಡೆಯಮೇಲೆ ಹರಡಿ ಕತ್ತರಿ ಕೊಟ್ಟಳು, ಅಂಚು ಬಿಚ್ಚು ಅಂದಳು. ಅಂಚಿನಲ್ಲಿ ಹಳೆಯ ಹೊಲಿಗೆಯ ಗೆರೆಗಳು ಒಂದರ ಮೇಲೊಂದು ಇದ್ದವು, ಬಾವಿಯ ಗೋಡೆಯಲ್ಲಿ ನೀರು ನಿಂತ ಗುರುತುಗಳ ಹಾಗೆ.

"ಅತ್ತೇ, ಇದ್ಯಾಕೆ ಇಷ್ಟು ಸಲ ಬಿಚ್ಚಿದೀರಾ?"

"ಬೆಳೆಯೋ ಹುಡುಗಿಗೆ ಅಂಚು ಬಿಚ್ಚದೆ ಇನ್ನೇನು ಮಾಡ್ತಾರೆ?"

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಅತ್ತೆ ರೇಷ್ಮೆಯ ಹೊದಿಕೆಯನ್ನು ಸರಿಸಿದರು.

ಎಜಿದಿಯೊ, ಅಲ್ಲಿ ಮಲಗಿದ್ದದ್ದು ಹದಿಮೂರರ ಹುಡುಗಿಯಲ್ಲ. ನನ್ನ ತಂಗಿಯಷ್ಟು ವಯಸ್ಸಿನ ಹೆಂಗಸು. ಕೆನ್ನೆಯ ದುಂಡು ಇಳಿದಿತ್ತು, ತುಟಿಯ ಪಕ್ಕದಲ್ಲಿ ಸಣ್ಣ ಮಡಿಕೆ ಬಿದ್ದಿತ್ತು, ತುಂಬ ಮಾತಾಡುವವರಿಗೆ ಬೀಳುತ್ತದಲ್ಲ, ಅಂಥದ್ದು. ಪಾದಗಳು ಪೆಟ್ಟಿಗೆಯ ಕೊನೆಯ ಗಾಜಿಗೆ ಒತ್ತಿ ಬೆರಳುಗಳು ಬಾಗಿದ್ದವು. ಅಲ್ಲಿಂದ ಗಾಜಿನಲ್ಲಿ ಒಂದು ಬಿರುಕು ಮೇಲಕ್ಕೆ ಹೋಗಿತ್ತು.

"ಅವಳನ್ನ ಬೆಳೆಯೋಕೆ ಬಿಟ್ಟಿದ್ರಾ ಆ ಪಾಪಿಗಳು?" ಅಂದರು ಅತ್ತೆ, ಅಂಗಿ ಕೊಡವುತ್ತಾ. "ಉಳಿದದ್ದನ್ನ ಈಗ ಬೆಳೀತಿದಾಳೆ. ನಿಧಾನಕ್ಕೆ. ಅವಳಿಗೇನು ಅವಸರ? ನಿಂತ್ಕೊಂಡು ನೋಡ್ಬೇಡ, ತೋಳು ಹಾಕು."

ನಾನು ಅಂಗಿಯ ತೋಳನ್ನು ಮುದುರಿ ಅವಳ ಬೆರಳ ತುದಿಗೆ ಹಿಡಿದೆ. ಬೆಳಗ್ಗೆ ನಿದ್ದೆಗಣ್ಣಲ್ಲಿರುವ ಲಿಲ್ಲಾಗೆ ಅಂಗಿ ಹಾಕುವಾಗ ಅವಳು ಕಣ್ಣು ಬಿಡದೆಯೇ ಕೈ ಎತ್ತಿಕೊಡುತ್ತಾಳಲ್ಲ, ಹಾಗೆ ಆ ಕೈ ಮೊಣಕೈಯಲ್ಲಿ ಮಡಚಿ, ತಾನಾಗಿ ತೋಳಿನೊಳಗೆ ತೂರಿತು. ತೊಮ್ಮಸೀನಾ ನನ್ನ ಬೆನ್ನ ಮೇಲೆ ಕೈಯಿಟ್ಟು, "ಮೊದಲ ಸಲ ನಾನು ಒದ್ದೆ ಮಾಡ್ಕೊಂಡಿದ್ದೆ ಕಣೇ, ನೀನೇ ಪರವಾಗಿಲ್ಲ" ಅಂದಳು.

ಗುಂಡಿ ಹಾಕುತ್ತಿರುವಾಗಲೇ ಪರದೆಯ ಆಚೆಯಿಂದ ಹೊಸ ಪಾದ್ರಿ ದೊನ್ ಗಾಸ್ಪರೆ ಕೆಮ್ಮಿದರು. ಗಾಜು ಬಿರುಕು ಬಿಟ್ಟದ್ದನ್ನು ಅವರೂ ನೋಡಿದ್ದರಂತೆ. ಮರ ಕುಗ್ಗಿ ಪೆಟ್ಟಿಗೆ ಚಿಕ್ಕದಾಗಿದೆ, ನೇಪಲ್ಸಿನಿಂದ ಮೇಣದ ಕೆಲಸದವನನ್ನು ಕರೆಸುತ್ತೇನೆ, ಅವನು ಪಾದದ ಹತ್ತಿರ ಸ್ವಲ್ಪ ಕತ್ತರಿಸಿ ಸರಿಮಾಡುತ್ತಾನೆ, ರೇಷ್ಮೆಯ ಕೆಳಗೆ ಯಾರಿಗೆ ಕಾಣುತ್ತದೆ ಅಂದರು.

ಅತ್ತೆಯ ಮಂಡಿನೋವು ಎಲ್ಲಿ ಹೋಯಿತೋ! ಒಂದೇ ಏಟಿಗೆ ಎದ್ದು ನಿಂತರು. "ಅವನ್ಯಾವನೋ ತಲೆ ಕತ್ತರಿಸಿದ, ಈಗ ನೀವು ಕಾಲು ಕತ್ತರಿಸ್ತೀರಾ, ಫಾದರ್?"

"ಅಮ್ಮಾ, ಅದು ಬರೀ ಮೇಣ."

"ಮೇಣ ತಾನೇ? ಹಾಗಾದ್ರೆ ಬನ್ನಿ, ಕೈ ಹಿಡಿದು ನೋಡಿ."

ಅತ್ತೆಯೇ ಕಟ್ಟಳೆ ಮುರಿದು ಪರದೆ ಸರಿಸಿದರು. ಆತ ಒಳ್ಳೆಯ ಮನುಷ್ಯ, ಓದಿದವರು, ಸಣ್ಣಗೆ ನಗುತ್ತಲೇ ಬಂದರು. ಸೆರೋತಿನಾಳ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದರು. ನಗು ಮುಖದಲ್ಲಿ ಹಾಗೆಯೇ ಉಳಿಯಿತು, ಅದರ ಹಿಂದೆ ಇದ್ದ ಮನುಷ್ಯ ಮಾತ್ರ ಎಲ್ಲೋ ಹೋದ. ಬಹಳ ಹೊತ್ತು ಕೈ ಬಿಡಲಿಲ್ಲ. ಬಿಟ್ಟಮೇಲೆ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತು, "ಬಿಷಪ್ಪರಿಗೆ ಗೊತ್ತಾ ಇದು?" ಎಂದು ಕೇಳಿದರು.

"ಬಿಷಪ್ಪರಿಗೆ ಹೊಲಿಗೆ ಬರುತ್ತಾ?" ಅಂದಳು ತೊಮ್ಮಸೀನಾ.

ಪಾದ್ರಿಗಳು ಹಣೆ ಒರೆಸಿಕೊಂಡರು. ನೇಪಲ್ಸಿನವನು ಬರುವುದು ಬೇಡ ಅಂದರು. ಆಮೇಲೆ ತುಂಬ ಮೆಲ್ಲಗೆ, ಯಾರಿಗೋ ನಿದ್ದೆ ಕೆಡುತ್ತದೆ ಎಂಬಂತೆ, "ಹೊಸ ಪೆಟ್ಟಿಗೆ ಮಾಡೋರು ಯಾರಿದಾರೆ?" ಅಂದರು. ಊರಿಗೆ ಬಡಗಿಯೆಂದರೆ ನೀನೇ ತಾನೇ, ನಾವು ಮೂವರೂ ಒಟ್ಟಿಗೆ ನಿನ್ನ ಹೆಸರು ಹೇಳಿದೆವು.

ಅವತ್ತಿನಿಂದ ಕೆಲವು ದಿನ ಲಿಲ್ಲಾ ಕೈ ಎತ್ತಿದರೆ ಸಾಕು, ಮೈ ಝುಂ ಅನ್ನುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಧೈರ್ಯ ಮಾಡಿ ಒಬ್ಬಳೇ ಹೋಗಿ ಪಕ್ಕದಲ್ಲಿ ಕೂತೆ. ಹೆದರಿಕೆ ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಬಾಗಿದ ಕಾಲ್ಬೆರಳುಗಳನ್ನು ನೋಡುತ್ತಾ ಅಳು ಬಂತು. ಚಿಕ್ಕದಾದ ಚಪ್ಪಲಿ ಹಾಕಿಕೊಂಡು ಯಾರಿಗೂ ಹೇಳದೆ ನಡೆಯುವ ಹುಡುಗಿಯರಿರುತ್ತಾರಲ್ಲ, ಹಾಗೆ ಕಂಡಳು. ಇಷ್ಟು ಕಾಲ ಊರಿಗೆಲ್ಲ ಮಳೆ ಕೊಡು, ಮಗು ಕೊಡು ಎಂದು ಅವಳನ್ನೇ ಕೇಳಿದೆವು. ಅವಳಿಗೇನು ಬೇಕೆಂದು ಯಾರಾದರೂ ಕೇಳಿದ್ದೇವಾ?

ಅಕ್ಟೋಬರ್ ಮೊದಲ ಭಾನುವಾರ ಹಬ್ಬ. ಮೇಸ್ತ್ರಿಗೆ ಏನಾದರೂ ಹೇಳಿ ಅದಕ್ಕೆ ಮೊದಲೇ ಬಾ. ನಿನ್ನಪ್ಪ ಒಣಗಲು ಇಟ್ಟಿದ್ದ ಅಕ್ರೋಟು ಮರದ ಹಲಗೆಗಳು ಹಾಗೆಯೇ ಇವೆ. ಕಾಗದದ ಜೊತೆ ದಾರ ಇಟ್ಟಿದ್ದೇನೆ: ಮೊದಲ ಗಂಟು ಅವಳ ಈಗಿನ ಉದ್ದ, ಎರಡನೆಯದು ಅವಳು ಇನ್ನೂ ಬೆಳೆಯಲೆಂದು ಅತ್ತೆ ಬಿಡಲು ಹೇಳಿದ ಜಾಗ. ಗಾಜನ್ನು ಅಲ್ಲಿಂದಲೇ ತಂದರೆ ಒಳ್ಳೆಯದು, ಇಲ್ಲಿಯದರಲ್ಲಿ ಗುಳ್ಳೆ ಇರುತ್ತದೆ.

ಅತ್ತೆ ಈ ಕಾಗದದ ಮೇಲೆ ಬೆರಳಿನಿಂದ ಶಿಲುಬೆ ಎಳೆದಿದ್ದಾರೆ, ನಿನ್ನ ಹಣೆ ಎಂದುಕೊಂಡು. ಲಿಲ್ಲಾ ಹಲ್ಲಿಲ್ಲದ ಬಾಯಲ್ಲಿ ಮುತ್ತು ಕೊಟ್ಟಿದ್ದಾಳೆ, ಶಾಯಿ ಕಲಸಿದ್ದು ಅದಕ್ಕೇ.

ದಾರಿ ನೋಡುತ್ತಿರುವ,
ನಿನ್ನ ನುನ್ಸಿಯಾತಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಪೆಟ್ಟಿಗೆಯ ಗಾಜು ಒರೆಸಲು ಹೋಗಿದ್ದೆ. ಮುಚ್ಚಳದ ಮೇಲಿದ್ದ ಬೆರಳ ಗುರುತುಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅವು ಒಳಗಡೆ ಇದ್ದವು. ಪಾದ್ರಿಗಳನ್ನು ಕರೆದು ತೋರಿಸಿದೆ, ಅವರು ಹೂಂ ಅಂದರು. ಹೊರಗಿನ ಬೀಗ ಹೇಗಾದರೂ ಇರಲಿ ಎಜಿದಿಯೊ, ಹೊಸ ಪೆಟ್ಟಿಗೆಗೆ ಒಳಗಡೆಯಿಂದ ತೆಗೆಯಲು ಬರುವ ಒಂದು ಚಿಲಕ ಇಡು. ಮಲಗಿದಲ್ಲಿಂದಲೇ ಕೈಗೆ ಎಟುಕಬೇಕು.